ಲ್ಯಾಬ್ ರಿಪೋರ್ಟ್‌ನಲ್ಲಿ ಮೂರು ವೈರಸ್ ಬಂದಿದೆ. ನನ್ನ ಶೆಡ್ ಮಾತ್ರ ಹೀಗಾ, ಎಲ್ಲರದ್ದೂ ಹೀಗೇನಾ?

ಮಾಗಡಿ ಶೆಡ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಾಗಡಿ ಕಡೆ ನಮ್ಮದು ಐದು ಸಾವಿರ ಕೋಳಿಯ ಬ್ರಾಯ್ಲರ್ ಶೆಡ್. ಕಂಪನಿ ಕಾಂಟ್ರಾಕ್ಟ್. ಮರಿ, ಫೀಡ್, ಲಸಿಕೆ, ಔಷಧಿ ಅವರದ್ದು. ಶೆಡ್, ನೀರು, ಕರೆಂಟು, ನೆಲಕ್ಕೆ ಹಾಸುವ ಭತ್ತದ ಹೊಟ್ಟು, ಕೂಲಿ ನಮ್ಮದು.

ಈ ಬ್ಯಾಚ್ 24ನೇ ದಿನದ ತನಕ ಚೆನ್ನಾಗಿತ್ತು. ಆಮೇಲೆ ಕೋಳಿಗಳು ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ಗುಂಪು ಕೂರೋಕೆ ಶುರು ಮಾಡಿದವು. ಹಿಕ್ಕೆ ಬೆಳ್ಳಗೆ ನೀರು ನೀರು. ಹಿಂಭಾಗದ ಪುಕ್ಕ ಒದ್ದೆ. ಮೂರನೇ ದಿನಕ್ಕೆ ಸತ್ತದ್ದನ್ನು ಬಕೆಟ್‌ನಲ್ಲಿ ಹೊರಬೇಕಾಯ್ತು. ವಾರ ತುಂಬುವ ಹೊತ್ತಿಗೆ ತಾನಾಗೇ ನಿಂತಿತು. ಉಳಿದವು ತಿನ್ನುತ್ತಿವೆ, ತೂಕ ಮಾತ್ರ ಬರ್ತಿಲ್ಲ.

ಸೂಪರ್‌ವೈಸರ್ ಐದು ಸತ್ತ ಕೋಳಿ ತಗೊಂಡು ಹೋಗಿ ಲ್ಯಾಬ್‌ಗೆ ಕೊಟ್ಟಿದ್ದರು. ಪಿಸಿಆರ್ ರಿಪೋರ್ಟ್ ಬಂದಿದೆ. ಗುಂಬೋರೊ (ಎಳೆ ಕೋಳಿಯ ರೋಗ ತಡೆಯುವ ಶಕ್ತಿ ಕೆಡಿಸುವ ವೈರಸ್) ಪಾಸಿಟಿವ್. ಚಿಕನ್ ಅನೀಮಿಯಾ ವೈರಸ್ ಪಾಸಿಟಿವ್. ಐಬಿ (ಇನ್ಫೆಕ್ಷಿಯಸ್ ಬ್ರಾಂಕೈಟಿಸ್, ಉಸಿರಾಟದ ರೋಗ) ಪಾಸಿಟಿವ್. ರಾಣಿಖೇತ್ (ಕೊಕ್ಕರೆ ರೋಗ) ನೆಗೆಟಿವ್. ಈಗ ಕಂಪನಿಯವರು "ನಿಮ್ಮ ಶೆಡ್ ತುಂಬಾ ವೈರಸ್, ಮೇಂಟೆನೆನ್ಸ್ ಸರಿ ಇಲ್ಲ" ಅಂತಾರೆ. ಅವರು ನಮಗೆ ಕೊಡುವ ಸಾಕಣೆ ಚಾರ್ಜ್‌ನಲ್ಲಿ ಕಟ್ ಆಗುತ್ತೆ. ಪಕ್ಕದ ಶೆಡ್‌ನವರು "ನಮ್ಮಲ್ಲಿ ಇವತ್ತಿನವರೆಗೂ ಒಂದು ವೈರಸ್ ಬಂದಿಲ್ಲ" ಅಂತ ಎದೆ ಉಬ್ಬಿಸಿಕೊಂಡು ಓಡಾಡ್ತಿದ್ದಾರೆ.

ಫಾರಂ ಕೋಳಿಗಳಲ್ಲಿ ವೈರಸ್ ಸೋಂಕು ನಿಜವಾಗಿ ಎಷ್ಟು ಸಾಮಾನ್ಯ? ನೂರು ಶೆಡ್ ತಗೊಂಡರೆ ಎಷ್ಟರಲ್ಲಿ ಇರುತ್ತೆ? ಒಂದೇ ಸಲ ಮೂರು ಬರೋದು ಅಂದ್ರೆ ಏನರ್ಥ?

ಹೊಸಪೇಟೆ ಲೇಯರ್:

ಅಣ್ಣ, ನಿಮ್ಮ ಪಕ್ಕದವರು ಟೆಸ್ಟ್ ಮಾಡಿಸಿಲ್ಲ, ಅಷ್ಟೇ. ಮಾಡಿಸದೇ ಇದ್ದರೆ ಯಾವ ಶೆಡ್‌ನಲ್ಲೂ ವೈರಸ್ ಇರಲ್ಲ.

ನಮ್ಮದು ಮೊಟ್ಟೆ ಕೋಳಿ. ಐಬಿ ಬಂದಾಗ ನಮ್ಮಲ್ಲಿ ಕೋಳಿ ಹೆಚ್ಚು ಸಾಯಲಿಲ್ಲ. ರಾತ್ರಿ ಶೆಡ್‌ಗೆ ಹೋದರೆ ಗೊರಗೊರ ಸದ್ದು. ಅಷ್ಟೇ ಲಕ್ಷಣ. ಆಮೇಲೆ ಟ್ರೇ ಕಡಿಮೆ ಆಗ್ತಾ ಬಂತು. ಬಂದ ಮೊಟ್ಟೆಯೂ ಸುಕ್ಕು ಸುಕ್ಕು, ಕೈಯಲ್ಲಿ ಹಿಡಿದರೆ ಮರಳು ಅಂಟಿದ ಹಾಗೆ ತರಿ. ಒಡೆದರೆ ಬಿಳಿ ಭಾಗ ನೀರಿನಂತೆ ಹರಡಿಕೊಳ್ಳುತ್ತಿತ್ತು. ವ್ಯಾಪಾರಿ ಅರ್ಧ ರೇಟಿಗೆ ಕೇಳಿದ. ಲಸಿಕೆ ಹಾಕಿದ ಕೋಳಿಗಳು ಅವು, ನೆನಪಿರಲಿ. ಕೋಳಿ ನಿಂತೇ ಇರುತ್ತೆ, ದುಡ್ಡು ಮಾತ್ರ ಹೋಗುತ್ತೆ.

ಡಾಕ್ಟರ್ ಸಾರ್ ಇದ್ದರೆ ಬಂದು ಸ್ವಲ್ಪ ಹೇಳಿ.

ಹಳೇ ಪಶುವೈದ್ಯ:

ಬಂದೆ ಮಾರಾಯ್ರೆ. ನಾನು ನಿವೃತ್ತನಾದರೂ ಕೋಳಿಯವರು ಬಿಡುವುದಿಲ್ಲ. ಕೆಲಸದಲ್ಲಿದ್ದಾಗ ಹೆಚ್ಚಿನ ಕಾಲ ಕೋಳಿ ಕೊಯ್ದು ನೋಡುವ ಮೇಜಿನ ಮುಂದೆಯೇ ನಿಂತವನು. ಹಾಗಾಗಿ ನನ್ನ ಉತ್ತರ ಉದ್ದ ಇರುತ್ತೆ, ಸಹಿಸಿಕೊಳ್ಳಿ.

ಮಾಗಡಿಯವರೇ, ನಿಮ್ಮ ಶೆಡ್ ಮಾತ್ರ ಅಲ್ಲ. ಸಾವಿರಗಟ್ಟಲೆ ಕೋಳಿ ಒಂದೇ ಚಾವಣಿ ಕೆಳಗೆ ಇರುವ ಕಡೆ ಒಂದೂ ವೈರಸ್ ಇಲ್ಲದ ಬ್ಯಾಚ್ ಅನ್ನೋದು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಅಂಥ ಕೋಳಿಯನ್ನು ಹಟ ಹಿಡಿದು ಸಾಕುವವರು ಇದ್ದಾರೆ. ಲಸಿಕೆ ತಯಾರಿಸೋಕೆ ಶುದ್ಧ ಮೊಟ್ಟೆ ಬೇಕಲ್ಲ, ಅದಕ್ಕೆ. ಎಸ್‌ಪಿಎಫ್ ಕೋಳಿ ಅಂತಾರೆ. ಅಲ್ಲಿ ಒಳಗೆ ಹೋಗುವ ಗಾಳಿಯನ್ನೂ ಸೋಸುತ್ತಾರೆ. ಕೆಲಸದವರು ಸ್ನಾನ ಮಾಡಿ, ಬಟ್ಟೆ ಬದಲಿಸಿಯೇ ಒಳಗೆ ಕಾಲಿಡಬೇಕು. ಮತ್ತೆ ಮತ್ತೆ ರಕ್ತ ಪರೀಕ್ಷೆ. ಅಷ್ಟು ಖರ್ಚು ಮಾಡಿದರೆ ವೈರಸ್ ಇಲ್ಲದ ಕೋಳಿ ಸಿಗುತ್ತೆ. ನಿಮ್ಮ ಪಕ್ಕದವರು ತಂತಿ ಜಾಲರಿ ಹೊಡೆದ ಶೆಡ್‌ನಲ್ಲಿ ಅದನ್ನು ಸಾಧಿಸಿದ್ದಾರೆ ಅಂದರೆ ನಾನು ನಂಬುವುದಿಲ್ಲ.

ಸೋಂಕು ಬೇರೆ, ರೋಗ ಬೇರೆ. ಇಡೀ ಗೊಂದಲ ಇಲ್ಲೇ ಇರುವುದು. ನಿಮ್ಮ ರಿಪೋರ್ಟ್‌ನ ಮೂರು ಹೆಸರನ್ನೇ ತೆಗೆದುಕೊಳ್ಳೋಣ.

ಚಿಕನ್ ಅನೀಮಿಯಾ ವೈರಸ್ ಮೊದಲು ಕಂಡದ್ದು 1979ರಲ್ಲಿ, ಜಪಾನ್‌ನಲ್ಲಿ. ಆಮೇಲೆ ಹುಡುಕಿದ ಕಡೆಯೆಲ್ಲ ಸಿಕ್ಕಿತು. ಕೋಳಿ ಉದ್ಯಮ ಇರುವ ಎಲ್ಲ ದೇಶದಲ್ಲೂ ಇದೆ. ಆದರೆ ಮರಿಗೆ ತಾಯಿಯಿಂದ ರಕ್ಷಣೆ ಬಂದಿದ್ದರೆ ಮೊದಲ ಎರಡು ಮೂರು ವಾರ ಅದು ಏನೂ ಮಾಡಲಾರದು. ಆಮೇಲೆ ಸೋಂಕಿದರೂ ಹೊರಗೆ ಏನೂ ಕಾಣುವುದಿಲ್ಲ. ಒಳಗೊಳಗೇ ರೋಗ ತಡೆಯುವ ಶಕ್ತಿ ತಿನ್ನುತ್ತಿರುತ್ತೆ. ತಾಯಿ ರಕ್ಷಣೆ ಇಲ್ಲದ ಮರಿಗೆ ಬಂದರೆ ಕಥೆ ಬೇರೆ. ತೊಡೆ ಮೂಳೆ ಸೀಳಿ ನೋಡಿದರೆ ಮಜ್ಜೆ ಕೆಂಪಗಿರಬೇಕಾದದ್ದು ಹಳದಿ ಕೊಬ್ಬಿನ ಹಾಗಿರುತ್ತೆ. ರಕ್ತ ನೀರಾಗಿರುತ್ತೆ. ನಿಮ್ಮ ಕೋಳಿಗಳಲ್ಲಿ ಯಾರಾದರೂ ಮೂಳೆ ಸೀಳಿ ನೋಡಿದರಾ? ರಿಪೋರ್ಟ್‌ನಲ್ಲಿ ಆ ಸಾಲು ಇಲ್ಲದಿದ್ದರೆ ಬರೀ "ಪಾಸಿಟಿವ್" ಅನ್ನುವ ಪದಕ್ಕೆ ಹೆದರಬೇಡಿ.

ಐಬಿ ಅಂದರೆ ಕೋಳಿಯ ಕೊರೊನಾ. 2020ರಲ್ಲಿ ಎಲ್ಲರ ಬಾಯಲ್ಲೂ ಆ ಹೆಸರು ಬರುವ ಎಷ್ಟೋ ಮೊದಲು, 1930ರ ದಶಕದಿಂದಲೇ ಕೋಳಿಯವರಿಗೆ ಈ ರೋಗ ಗೊತ್ತು. ನಿಮ್ಮ ಮರಿಗೆ ಹ್ಯಾಚರಿಯಲ್ಲೋ ಮೊದಲ ವಾರದಲ್ಲೋ ಐಬಿ ಲಸಿಕೆ ಕೊಟ್ಟಿದ್ದಾರಾ ಕೇಳಿ. ಅದು ಜೀವಂತ ಲಸಿಕೆ. ಸಾಮಾನ್ಯ ಪಿಸಿಆರ್‌ಗೆ ಲಸಿಕೆಯ ವೈರಸ್ ಯಾವುದು, ಹೊರಗಿನಿಂದ ಬಂದದ್ದು ಯಾವುದು ಅಂತ ಗೊತ್ತಾಗುವುದಿಲ್ಲ. ಎರಡಕ್ಕೂ ಪಾಸಿಟಿವ್ ಅನ್ನುತ್ತೆ. ಬೇರೆ ಮಾಡಬೇಕಾದರೆ ಜೀನ್ ಓದಿಸಬೇಕು. ಅದನ್ನು ಯಾರು ಮಾಡಿಸ್ತಾರೆ?

ಗುಂಬೋರೊ ಲಸಿಕೆಗೂ ಇದೇ ಮಾತು. ಆದರೆ ನಿಮ್ಮಲ್ಲಿ ಬಂದದ್ದು ಲಸಿಕೆಯ ಪಾಸಿಟಿವ್ ಅಂತ ನನಗೆ ಅನ್ನಿಸುವುದಿಲ್ಲ. ನಾಲ್ಕನೇ ವಾರ, ಬಿಳಿ ನೀರು ಹಿಕ್ಕೆ, ಸಾವು ಸರ್ರನೆ ಏರಿ ವಾರದೊಳಗೆ ಸರ್ರನೆ ಇಳಿದದ್ದು. ರಿಪೋರ್ಟ್ ಇಲ್ಲದೆ ಇಷ್ಟೇ ಹೇಳಿದ್ದರೂ ಗುಂಬೋರೊ ಅಂತಲೇ ಅನ್ನುತ್ತಿದ್ದೆ. ರಾಣಿಖೇತ್ ಹೀಗೆ ತಾನಾಗಿ ಇಳಿದು ಹೋಗುವುದಿಲ್ಲ.

ಮುಂದಿನ ಸಲ ನೀವೇ ಒಂದು ಕೋಳಿ ಕೊಯ್ದು ನೋಡಿ. ಆಗಷ್ಟೇ ಸತ್ತದ್ದಿರಬೇಕು. ಕೈಗೆ ಗ್ಲೌಸ್ ಹಾಕಿ. ಹಿಕ್ಕೆ ಬರುವ ದ್ವಾರದ ಸ್ವಲ್ಪ ಮೇಲೆ, ಬೆನ್ನಿನ ಕಡೆಗೆ, ಒಂದು ಸಣ್ಣ ಗಂಟು ಇರುತ್ತೆ. ಬರ್ಸಾ ಅಂತ ಹೆಸರು. ಎಳೆ ಕೋಳಿಗೆ ರೋಗದ ಜೊತೆ ಹೋರಾಡುವ ಕಣಗಳು ತಯಾರಾಗುವ ಜಾಗ ಅದು. ಗುಂಬೋರೊ ವೈರಸ್ ನೇರ ಅಲ್ಲಿಗೇ ಹೋಗುತ್ತೆ. ಮೊದಲ ಮೂರು ನಾಲ್ಕು ದಿನ ಬರ್ಸಾ ಊದಿ, ಮೇಲೆ ಹಳದಿ ಲೋಳೆ ಸುತ್ತಿಕೊಂಡಿರುತ್ತೆ. ಕೆಲವೊಮ್ಮೆ ಒಳಗೆ ರಕ್ತ. ಒಂದು ವಾರ ಕಳೆದು ನೋಡಿದರೆ ಅದೇ ಬರ್ಸಾ ಮೂರನೇ ಒಂದು ಭಾಗಕ್ಕೆ ಸೊರಗಿರುತ್ತೆ. ತೊಡೆ ಮತ್ತು ಎದೆ ಮಾಂಸದಲ್ಲಿ ರಕ್ತದ ಗೀರುಗಳು ಕಾಣುತ್ತವೆ. ಈ ಎರಡನ್ನೂ ಒಮ್ಮೆ ಕಣ್ಣಾರೆ ನೋಡಿದವರು ಮರೆಯುವುದಿಲ್ಲ. ಫೋನ್‌ನಲ್ಲಿ ಫೋಟೋ ತೆಗೆದಿಡಿ. ಸೂಪರ್‌ವೈಸರ್ ಜೊತೆ ಮಾತಾಡುವಾಗ ಬಾಯಿಗಿಂತ ಫೋಟೋ ಜೋರಾಗಿ ಮಾತಾಡುತ್ತೆ.

ಉಳಿದ ಕೋಳಿಗೆ ತೂಕ ಬರದಿರುವುದಕ್ಕೂ ಕಾರಣ ಇಲ್ಲೇ ಇದೆ. ಬರ್ಸಾ ಹೋದ ಮೇಲೆ ಇ-ಕೋಲಿ ಬ್ಯಾಕ್ಟೀರಿಯಾ, ಉಸಿರಾಟದ ತೊಂದರೆ, ಕಾಕ್ಸಿ (ಕರುಳಿನ ಪರಾವಲಂಬಿ ರೋಗ) ಎಲ್ಲ ಸಾಲಾಗಿ ಬರುತ್ತವೆ. ಆಮೇಲೆ ಕೊಡುವ ರಾಣಿಖೇತ್ ಲಸಿಕೆಯೂ ಸರಿಯಾಗಿ ಹಿಡಿಯುವುದಿಲ್ಲ. ಗುಂಬೋರೊ ಮತ್ತು ಅನೀಮಿಯಾ ಎರಡೂ ಒಟ್ಟಿಗೆ ಇದ್ದರೆ ಒಂದಕ್ಕೊಂದು ಬಲ ಕೊಡುತ್ತವೆ. ಮೂರು ವೈರಸ್ ಒಂದೇ ಸಲ ಅಂದರೆ ಮೂರು ಬೇರೆ ಬೇರೆ ಕೇಡು ಬಂದು ಎರಗಿವೆ ಅಂತಲ್ಲ. ಒಂದು ಬಾಗಿಲು ಒಡೆದಿದೆ, ಮೊದಲೇ ಅಲ್ಲಿ ಸುಮ್ನೆ ಇದ್ದವು ಈಗ ಕಾಣಿಸಿಕೊಂಡಿವೆ.

ನೂರರಲ್ಲಿ ಎಷ್ಟು ಶೆಡ್ ಅಂತ ಕೇಳಿದಿರಿ. ಈ ಶೇಕಡಾ ಲೆಕ್ಕ ನನಗೆ ಮೊದಲಿಂದಲೂ ಆಗಿ ಬರುವುದಿಲ್ಲ. ಲ್ಯಾಬ್‌ಗೆ ಬರುವುದು ಕಾಯಿಲೆ ಬಿದ್ದ ಶೆಡ್‌ನ ಕೋಳಿ. ಅಲ್ಲಿನ ಲೆಕ್ಕ ಹಿಡಿದರೆ ಊರಿಗೆ ಊರೇ ಕಾಯಿಲೆ ಅನ್ನಿಸುತ್ತೆ. ರಕ್ತದಲ್ಲಿ ಪ್ರತಿಕಾಯ ನೋಡುವ ಎಲೈಸಾ ಮಾಡಿದರೆ ಲಸಿಕೆ ಹಾಕಿದ ಎಲ್ಲ ಕೋಳಿಯೂ ಪಾಸಿಟಿವ್. ಅಲ್ಲಿ ನೋಡಬೇಕಾದ್ದು ಇದೆಯೋ ಇಲ್ಲವೋ ಅಂತಲ್ಲ. ಎರಡು ಮೂರು ವಾರದ ಅಂತರದಲ್ಲಿ ಎರಡು ಸಲ ರಕ್ತ ತೆಗೆದು, ಲಸಿಕೆಯಿಂದ ಏರಬೇಕಾದ್ದಕ್ಕಿಂತ ಜಾಸ್ತಿ ಏರಿದೆಯಾ ಅಂತ ನೋಡಬೇಕು.

ಇನ್ನು ಐದು ಕೋಳಿ ಲೆಕ್ಕ. ಒಂದು ಶೆಡ್‌ನಲ್ಲಿ ನೂರಕ್ಕೆ ಹತ್ತು ಕೋಳಿಗೆ ಸೋಂಕಿದೆ ಅಂದುಕೊಳ್ಳಿ. ಕೈಗೆ ಸಿಕ್ಕ ಐದು ಕೋಳಿ ಹಿಡಿದು ಪರೀಕ್ಷೆ ಮಾಡಿದರೆ ಹತ್ತರಲ್ಲಿ ಆರು ಸಲ ಅದು ತಪ್ಪಿಹೋಗುತ್ತೆ. ನೂರರಲ್ಲಿ 95 ಸಲ ಹಿಡಿಯಬೇಕು ಅಂದರೆ ಸುಮಾರು 30 ಕೋಳಿ ಬೇಕು. ಸೋಂಕು ನೂರಕ್ಕೆ ಐದೇ ಇದ್ದರೆ 60ರ ಹತ್ತಿರ ಬೇಕು. ಸತ್ತ ಕೋಳಿ ಒಯ್ದರೆ ಸಾವಿಗೆ ಕಾರಣವಾದದ್ದು ಸಿಗುವ ಸಾಧ್ಯತೆ ಹೆಚ್ಚು, ಅದು ಸರಿ. ಆದರೆ "ರಾಣಿಖೇತ್ ನೆಗೆಟಿವ್" ಅನ್ನುವುದು ಆ ಐದು ಕೋಳಿಗೆ ಬರೆದ ಮಾತು, ಇಡೀ ಶೆಡ್‌ಗೆ ಅಲ್ಲ.

ಹಾಗಾದರೆ ನಮ್ಮ ಕಡೆ ಯಾವುದು ಹೆಚ್ಚು? ನನ್ನ ಮೇಜಿನ ಅನುಭವ ಹೇಳುತ್ತೇನೆ. ಬ್ರಾಯ್ಲರ್‌ನಲ್ಲಿ ಗುಂಬೋರೊ, ರಾಣಿಖೇತ್, ಐಬಿ ಈ ಮೂರೇ ಮತ್ತೆ ಮತ್ತೆ ಬರುತ್ತಿದ್ದವು. ಮಧ್ಯೆ ಮಧ್ಯೆ ಲೀಚಿ ರೋಗ. ಅದು ಅಡಿನೊ ವೈರಸ್‌ನಿಂದ ಬರುತ್ತೆ. 1987ರಲ್ಲಿ ಕರಾಚಿ ಹತ್ತಿರದ ಅಂಗಾರಾ ಗೋಠ್‌ನಲ್ಲಿ ಮೊದಲು ಕಂಡು, ಆಮೇಲೆ ಈ ಕಡೆಗೂ ಬಂತು. ಹೃದಯದ ಚೀಲದ ತುಂಬ ತಿಳಿ ಹಳದಿ ನೀರು, ಅದರ ಮಧ್ಯೆ ಹೃದಯ ತೇಲುತ್ತಿರುತ್ತೆ. ಸಿಪ್ಪೆ ಸುಲಿದ ಲೀಚಿ ಹಣ್ಣಿನ ಥರ ಕಾಣುತ್ತೆ ಅಂತ ಆ ಹೆಸರು. ಲೇಯರ್‌ನಲ್ಲಿ ಐಬಿ, ಎಚ್‌9ಎನ್‌2 ಅನ್ನುವ ಫ್ಲೂ, ಮ್ಯಾರೆಕ್ಸ್ (ನರ ಕೆಡಿಸಿ ಗಡ್ಡೆ ತರುವ ವೈರಸ್ ರೋಗ). ಮ್ಯಾರೆಕ್ಸ್ ಅನ್ನು 1907ರಲ್ಲಿ ಹಂಗೇರಿಯ ಪಶುವೈದ್ಯ ಯೋಜೆಫ್ ಮಾರೆಕ್ ವಿವರಿಸಿದ್ದರು. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿಕೊಂಡು ಬಿದ್ದ ಕೋಳಿ ನೋಡಿದರೆ ಅದೇ. ಪುಕ್ಕದ ಬುಡದಿಂದ ಉದುರುವ ಧೂಳಿನಲ್ಲಿ ತಿಂಗಳುಗಟ್ಟಲೆ ಬದುಕುತ್ತೆ. ಹ್ಯಾಚರಿಯಲ್ಲೇ ಮೊದಲ ದಿನ ಲಸಿಕೆ ಕೊಡುತ್ತಾರೆ. ಆ ಲಸಿಕೆ ಗಡ್ಡೆ ಬರುವುದನ್ನು ತಡೆಯುತ್ತೆ, ಸೋಂಕನ್ನು ತಡೆಯುವುದಿಲ್ಲ. ಲಸಿಕೆ ಆದ, ಚೆನ್ನಾಗಿ ಮೊಟ್ಟೆ ಇಡುತ್ತಿರುವ ಕೋಳಿಯೂ ವೈರಸ್ ಉದುರಿಸುತ್ತಲೇ ಇರಬಹುದು. ಈಗ ಹೇಳಿ, "ವೈರಸ್ ಇರುವ ಶೆಡ್" ಅಂತ ಯಾವುದಕ್ಕೆ ಹೆಸರಿಡುತ್ತೀರಿ?

ಮಾಗಡಿ ಶೆಡ್:

ಸಾರ್, ತುಂಬಾ ಥ್ಯಾಂಕ್ಸ್. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಆದರೆ ಗುಂಬೋರೊ ನಿಜವಾಗಿ ಬಂದಿದೆ ಅಂತೀರಲ್ಲ, ಹಾಗಿದ್ದರೆ ತಪ್ಪು ನನ್ನ ಶೆಡ್‌ದೇ ಆಯ್ತಲ್ವಾ? 14ನೇ ದಿನ ಲಸಿಕೆ ನೀರಲ್ಲಿ ಕೊಟ್ಟಿದ್ದೀವಿ. ಸೂಪರ್‌ವೈಸರೇ ಬಂದು ನಿಂತು ಹಾಕಿಸಿದ್ದು.

ಹಾಸನದ ನಾಟಿಕೋಳಿ ಅಕ್ಕ:

ಡಾಕ್ಟ್ರೇ, ಮಧ್ಯೆ ಬಾಯಿ ಹಾಕ್ತೀನಿ. ನಮ್ಮನೆ ಹಿತ್ತಲಲ್ಲಿ ಒಂದಿಷ್ಟು ನಾಟಿ ಕೋಳಿ, ಎರಡು ಗಿರಿರಾಜ ಇವೆ. ಫಾರಂ ಕೋಳಿಗೆ ಮಾತ್ರ ರೋಗ, ನಾಟಿ ಕೋಳಿ ಗಟ್ಟಿ ಅಂತ ಪೇಟೆಯವರು ಹೇಳ್ತಾರೆ. ಬೇಸಿಗೆ ಬಂತು ಅಂದರೆ ನಮ್ಮ ಕೇರಿಗೆ ಕೇರಿಯೇ ಖಾಲಿ ಆಗುತ್ತೆ. ಹಸಿರು ಹಿಕ್ಕೆ ಹಾಕಿ, ಕತ್ತು ತಿರುಚಿಕೊಂಡು ಗಿರಗಿರ ಸುತ್ತಿ ಸಾಯ್ತವೆ. ಇದಕ್ಕೂ ಫಾರಂಗೂ ಸಂಬಂಧ ಇದೆಯಾ?

ಹಳೇ ಪಶುವೈದ್ಯ:

ಅಕ್ಕ, ಅದು ಕೊಕ್ಕರೆ ರೋಗ, ಅಂದರೆ ರಾಣಿಖೇತ್. ನಾಟಿ ಕೋಳಿ ಗಟ್ಟಿ ಅನ್ನುವವರನ್ನು ಏಪ್ರಿಲ್ ತಿಂಗಳಲ್ಲಿ ನಿಮ್ಮ ಕೇರಿಗೆ ಕರೆದುಕೊಂಡು ಬನ್ನಿ. ಫಾರಂ ಕೋಳಿಗೆ ಲಸಿಕೆಯಾದರೂ ಆಗಿರುತ್ತೆ. ಹಿತ್ತಲ ಕೋಳಿಗೆ ಅದೂ ಇಲ್ಲ. 2019ರ ಜಾನುವಾರು ಗಣತಿ ಪ್ರಕಾರ ದೇಶದಲ್ಲಿ 85 ಕೋಟಿಗೂ ಹೆಚ್ಚು ಕೋಳಿ ಮತ್ತಿತರ ಸಾಕು ಹಕ್ಕಿಗಳಿವೆ. ಅದರಲ್ಲಿ 31 ಕೋಟಿಗೂ ಹೆಚ್ಚು ನಿಮ್ಮಂಥವರ ಹಿತ್ತಲಲ್ಲಿ. ವೈರಸ್‌ಗೆ ಬೇಲಿ ಗೊತ್ತಿಲ್ಲ. ಫಾರಂನಿಂದ ಊರಿಗೂ ಹೋಗುತ್ತೆ, ಊರಿಂದ ಫಾರಂಗೂ ಬರುತ್ತೆ.

ನಮ್ಮ ಜನ ಒಂದು ಕೆಲಸ ಮಾಡುತ್ತಾರೆ, ನೋಡಿ ನೋಡಿ ಸಾಕಾಗಿದೆ. ಕೇರಿಯಲ್ಲಿ ಮೊದಲ ಎರಡು ಕೋಳಿ ಸತ್ತ ತಕ್ಷಣ ಉಳಿದದ್ದನ್ನು ಬುಟ್ಟಿಗೆ ತುಂಬಿ ಸಂತೆಗೆ ಒಯ್ಯುತ್ತಾರೆ. ಸಾಯುವ ಮುಂಚೆ ನಾಲ್ಕು ಕಾಸು ಆಗಲಿ ಅಂತ. ಅವರ ಕಷ್ಟ ಅರ್ಥ ಆಗುತ್ತೆ. ಆದರೆ ಆ ಸಂತೆಯಿಂದ ಹತ್ತು ಊರಿಗೆ ರೋಗ ಹೋಗುತ್ತೆ.

ಲಸಿಕೆ ಇದೆ. ನಿಮ್ಮ ಪಶು ಆಸ್ಪತ್ರೆಯಲ್ಲಿ ಕೇಳಿ. ಹೆಬ್ಬಾಳದ ನಮ್ಮ ರಾಜ್ಯದ ಸಂಸ್ಥೆಯಲ್ಲೇ ತಯಾರಾಗುತ್ತೆ. ಒಂದು ಸೀಸೆ ತೆರೆದರೆ ಗಂಟೆ ಎರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿಗೆ ಒಂದು ಸೀಸೆ ಒಡೆಯೋಕೆ ಯಾರಿಗೂ ಮನಸ್ಸು ಬರಲ್ಲ. ಅದಕ್ಕೆ ನಿಮ್ಮ ಸ್ವಸಹಾಯ ಸಂಘದವರೆಲ್ಲ ಸೇರಿ ಒಂದು ದಿನ ಗೊತ್ತು ಮಾಡಿ. ಬೆಳಗ್ಗೆ ಕೋಳಿ ಗೂಡಿಂದ ಬಿಡುವ ಮುಂಚೆ, ಇಡೀ ಕೇರಿಗೆ ಒಟ್ಟಿಗೆ. ಮರಿಗೆ ಕಣ್ಣಿಗೆ ಒಂದು ಹನಿ, ದೊಡ್ಡದಕ್ಕೆ ರೆಕ್ಕೆ ಕೆಳಗೆ ಚುಚ್ಚುಮದ್ದು. ಬೇಸಿಗೆಗೆ ಮುಂಚೆಯೇ, ಸಂಕ್ರಾಂತಿ ಹೊತ್ತಿಗೆ ಮಾಡಿಸಿ. ಹನಿ ಹಾಕುವವರು ಅದೇ ಕೈಯಲ್ಲಿ ತಮ್ಮ ಕಣ್ಣು ಉಜ್ಜಬಾರದು. ಎರಡು ದಿನ ಕಣ್ಣು ಕೆಂಪಗಾಗಿ ನೀರು ಸುರಿಯುತ್ತೆ. ನಮ್ಮ ಹುಡುಗರಿಗೆಲ್ಲ ಆಗಿದೆ.

ಮಾಗಡಿಯವರೇ, ಈಗ ನಿಮ್ಮ ತಪ್ಪು ಯಾವುದು, ಅವರ ತಪ್ಪು ಯಾವುದು ಅನ್ನುವ ಲೆಕ್ಕ.

ಗುಂಬೋರೊ ವೈರಸ್ ಗಟ್ಟಿ ಪಿಂಡ. ರಾಣಿಖೇತ್, ಐಬಿ, ಹಕ್ಕಿ ಜ್ವರದ ವೈರಸ್‌ಗಳಿಗೆ ಹೊರಗೆ ಒಂದು ಕೊಬ್ಬಿನ ಹೊದಿಕೆ ಇರುತ್ತೆ. ಸೋಪು, ಬಿಸಿಲು ಅದನ್ನು ಒಡೆಯುತ್ತವೆ. ಗುಂಬೋರೊಗೆ ಆ ಹೊದಿಕೆಯೇ ಇಲ್ಲ, ಒಡೆಯೋಕೆ ಏನೂ ಇಲ್ಲ. ಖಾಲಿ ಶೆಡ್‌ನಲ್ಲಿ ನಾಲ್ಕು ತಿಂಗಳು ಕಾದು ಕೂರುತ್ತೆ. ಹೊಟ್ಟಿನಲ್ಲಿ ಓಡಾಡುವ ಸಣ್ಣ ಕಪ್ಪು ಹುಳ ಇದೆಯಲ್ಲ, ಅದರೊಳಗೂ ಉಳಿಯುತ್ತೆ. ಹೀಗಾಗಿ ಒಮ್ಮೆ ಬಂದ ಶೆಡ್‌ಗೆ ಮುಂದಿನ ಬ್ಯಾಚ್‌ನಲ್ಲೂ ಬರುವ ಸಾಧ್ಯತೆ ಹೆಚ್ಚು. ಈ ಭಾಗ ನಿಮ್ಮದು. ಹಳೇ ಹೊಟ್ಟು ಪೂರ್ತಿ ತೆಗೆದು ಶೆಡ್‌ನಿಂದ ದೂರ ಸಾಗಿಸಿ. ನಿಮ್ಮದೇ ತೋಟದ ಮೂಲೆಯಲ್ಲಿ ಗುಡ್ಡೆ ಹಾಕಬೇಡಿ. ಅಂಟಿದ ಹಿಕ್ಕೆ ಹೋಗುವ ತನಕ ನೆಲ ಕೆರೆದು ಸೋಪು ನೀರಲ್ಲಿ ತೊಳೆಯಿರಿ. ಕೊಳೆ ಇದ್ದ ಜಾಗದಲ್ಲಿ ಎಂಥ ಔಷಧಿ ಹೊಡೆದರೂ ದುಡ್ಡು ದಂಡ. ಒಣಗಿದ ಮೇಲೆ ಫಾರ್ಮಲಿನ್ ಅಥವಾ ಗ್ಲುಟರಾಲ್ಡಿಹೈಡ್ ಹೊಡೆಯಿರಿ, ಮಾಸ್ಕ್ ಹಾಕಿಕೊಂಡು. ಗೋಡೆಗೆ ಸುಣ್ಣ. ಹುಳಕ್ಕೆ ಬೇರೆಯೇ ಔಷಧಿ. ಎರಡು ವಾರವಾದರೂ ಶೆಡ್ ಖಾಲಿ ಬಿಡಿ. ಕಂಪನಿ ಮರಿ ಬೇಗ ಇಳಿಸುತ್ತೇವೆ ಅಂದರೆ ಬೇಡ ಅನ್ನಿ.

ಆದರೆ ಉಳಿದದ್ದು? ಮರಿಗೆ ಮೊದಲ ವಾರಗಳಲ್ಲಿ ರಕ್ಷಣೆ ಬರುವುದು ತಾಯಿ ಕೋಳಿಯಿಂದ. ತಾಯಿ ಕೋಳಿ ಯಾರದ್ದು? ಕಂಪನಿಯದ್ದು. ಆ ರಕ್ಷಣೆ ಜಾಸ್ತಿ ಇರುವಾಗ ಗುಂಬೋರೊ ಲಸಿಕೆ ಕೊಟ್ಟರೆ ಅದು ಲಸಿಕೆಯನ್ನೇ ಕೊಂದುಬಿಡುತ್ತೆ. ತುಂಬಾ ಇಳಿದ ಮೇಲೆ ಕೊಟ್ಟರೆ ಅಷ್ಟರಲ್ಲಿ ಹೊರಗಿನ ವೈರಸ್ ನುಗ್ಗಿರುತ್ತೆ. ನಡುವೆ ಕೆಲವೇ ದಿನದ ಕಿಂಡಿ. ಆ ಕಿಂಡಿ ಯಾವ ದಿನ ಬರುತ್ತೆ ಅಂತ ತಿಳಿಯಲು ಒಂದು ದಿನದ ಮರಿಯ ರಕ್ತ ತೆಗೆದು ಎಲೈಸಾ ಮಾಡಬೇಕು. ಎರಡು ಮೂರು ಬೇರೆ ಬೇರೆ ತಾಯಿ ಹಿಂಡಿನ ಮರಿಗಳನ್ನು ಬೆರೆಸಿ ಒಂದೇ ಶೆಡ್‌ಗೆ ಇಳಿಸಿದ್ದರೆ ಕೆಲವಕ್ಕೆ 12ನೇ ದಿನ ಸರಿ, ಕೆಲವಕ್ಕೆ 18 ಸರಿ. ಎಲ್ಲದಕ್ಕೂ 14 ಅಂತ ಲಸಿಕೆ ಕಾರ್ಡ್‌ನಲ್ಲಿ ಅಚ್ಚು ಹಾಕಿಸಿದ್ದರೆ ಅದು ನಿಮ್ಮ ಮೇಂಟೆನೆನ್ಸ್ ಸಮಸ್ಯೆ ಹೇಗಾಗುತ್ತೆ? ಅನೀಮಿಯಾ ವೈರಸ್ ರಕ್ಷಣೆಯೂ ತಾಯಿ ಕಡೆಯಿಂದಲೇ ಬರಬೇಕು. ಅದಕ್ಕೂ ಶೆಡ್‌ನವನನ್ನು ಹೊಣೆ ಮಾಡುವುದು ನ್ಯಾಯ ಅಲ್ಲ.

ನೀರಲ್ಲಿ ಲಸಿಕೆ ಕೊಟ್ಟ ದಿನದ ವಿಷಯ ಹೇಳಿ. ನೀರಿಗೆ ಕ್ಲೋರಿನ್ ಮಾತ್ರೆ ಹಾಕುವುದನ್ನು ಎರಡು ದಿನ ಮುಂಚೆ ನಿಲ್ಲಿಸಿದ್ದರಾ? ಕೆನೆ ತೆಗೆದ ಹಾಲಿನ ಪುಡಿ ಲೀಟರಿಗೆ ಎರಡು ಮೂರು ಗ್ರಾಂ ಕಲಸಿ, ಕಾಲು ಗಂಟೆ ಬಿಟ್ಟು ಆಮೇಲೆ ಲಸಿಕೆ ಹಾಕಿದರಾ? ಅದಕ್ಕೆ ಮುಂಚೆ ಗಂಟೆ ಎರಡು ಗಂಟೆ ಕೋಳಿಗೆ ನೀರು ಇಲ್ಲದೆ ಬಾಯಾರಿಸಿದ್ದರಾ? ಎರಡು ಗಂಟೆಯೊಳಗೆ ಎಲ್ಲ ಕುಡಿದು ಮುಗಿಸಿದವಾ, ಅಥವಾ ಮಧ್ಯಾಹ್ನದವರೆಗೂ ಬಿಸಿಲಿಗೆ ಕಾದ ಪೈಪ್‌ನಲ್ಲೇ ಇತ್ತಾ? ನೀಲಿ ಬಣ್ಣದ ಮಾತ್ರೆ ಸಿಗುತ್ತೆ, ಲಸಿಕೆ ನೀರಿಗೆ ಹಾಕುವಂಥದ್ದು. ಹಾಕಿ ಸ್ವಲ್ಪ ಹೊತ್ತಾದ ಮೇಲೆ ಶೆಡ್‌ನ ನಾಲ್ಕೂ ಮೂಲೆಯಿಂದ ನೂರು ಕೋಳಿ ಹಿಡಿದು ಬಾಯಿ ತೆರೆದು ನಾಲಿಗೆ ನೋಡಿ. 90ಕ್ಕಾದರೂ ನೀಲಿ ಇರಬೇಕು. ಮೂಲೆಯಲ್ಲಿ ಬಿದ್ದಿರುವ ಬಡಕಲು ಕೋಳಿಗಳ ನಾಲಿಗೆಯನ್ನೇ ಮೊದಲು ನೋಡಿ, ತಪ್ಪಿಸಿಕೊಳ್ಳುವುದು ಅವೇ.

ಹೊಸಪೇಟೆ ಲೇಯರ್:

ಸಾರ್, ಎಚ್‌9ಎನ್‌2 ಅಂತ ನಮ್ಮ ಕಡೆ ಒಂದು ರಿಪೋರ್ಟ್ ಬಂದಾಗ ಪಕ್ಕದ ಫಾರಂನವರು ಹಕ್ಕಿ ಜ್ವರ ಅಂತ ಊರೆಲ್ಲ ಸುದ್ದಿ ಮಾಡಿದ್ದರು. ಕೋಳಿ ಕೊಲ್ಲಿಸ್ತಾರೆ ಅಂತ ಆಳುಗಳು ಓಡಿಹೋದರು. ಇದನ್ನೂ ಸ್ವಲ್ಪ ಹೇಳಿಬಿಡಿ.

ಹಳೇ ಪಶುವೈದ್ಯ:

ಎಚ್‌9ಎನ್‌2 ಕೂಡ ಫ್ಲೂ ಜಾತಿಯೇ. ಆದರೆ ಕೋಳಿಗೆ ಸೌಮ್ಯ. 2000ದ ದಶಕದಿಂದ ನಮ್ಮ ದೇಶದಲ್ಲಿ ಬೇರು ಬಿಟ್ಟಿದೆ. ಮೊಟ್ಟೆ ಇಳಿಸುತ್ತೆ, ಮುಖ ಊದಿಸುತ್ತೆ, ಜೊತೆಗೆ ಇ-ಕೋಲಿ ಸೇರಿದರೆ ಸಾವು. ಅದಕ್ಕೆ ಹಿಂಡು ಕೊಲ್ಲಿಸುವ ಪದ್ಧತಿ ಇಲ್ಲ.

ಟಿವಿಯಲ್ಲಿ ಬಿಳಿ ಸೂಟ್ ಹಾಕಿಕೊಂಡವರನ್ನು ತೋರಿಸುತ್ತಾರಲ್ಲ, ಅದು ಎಚ್‌5ಎನ್‌1. ದೇಶಕ್ಕೆ ಮೊದಲು ಬಂದದ್ದು 2006ರ ಫೆಬ್ರುವರಿಯಲ್ಲಿ, ಮಹಾರಾಷ್ಟ್ರದ ನವಾಪುರಕ್ಕೆ. ನಮ್ಮಲ್ಲಿ 2012ರಲ್ಲಿ ಹೆಸರಘಟ್ಟದ ಕೇಂದ್ರದ ಟರ್ಕಿ ಕೋಳಿಗಳಿಗೆ, 2020ರಲ್ಲಿ ಮೈಸೂರು ಮತ್ತು ಹರಿಹರದ ಬನ್ನಿಕೋಡಿಗೆ, 2025ರಲ್ಲಿ ಚಿಕ್ಕಬಳ್ಳಾಪುರದ ಕಡೆಗೆ. ಅದು ಬಂದರೆ ಭೋಪಾಲ್‌ನ ಲ್ಯಾಬ್ ಖಚಿತ ಮಾಡಬೇಕು. ಆಮೇಲೆ ಸುತ್ತ ಒಂದು ಕಿಲೋಮೀಟರ್ ದೂರದವರೆಗಿನ ಕೋಳಿ ಎಲ್ಲ ಕೊಲ್ಲುತ್ತಾರೆ, ಹತ್ತು ಕಿಲೋಮೀಟರ್ ಕಣ್ಗಾವಲು. ಅದಕ್ಕೆ ಲಸಿಕೆ ಕೊಡುವುದು ನಮ್ಮ ದೇಶದ ನೀತಿ ಅಲ್ಲ. ಒಂದೇ ರಾತ್ರಿಗೆ ಅರ್ಧ ಶೆಡ್ ಸತ್ತು, ಜುಟ್ಟು ನೀಲಿಯಾಗಿದ್ದರೆ ಕೊಯ್ಯಬೇಡಿ, ಸಾಗಿಸಬೇಡಿ. ಪಶು ಆಸ್ಪತ್ರೆಗೆ ಫೋನ್ ಮಾಡಿ.

ಸುದ್ದಿಯಾಗುವ ವೈರಸ್ ಒಂದು, ರೈತನ ಜೇಬು ತಿನ್ನುವ ವೈರಸ್ ಇನ್ನೊಂದು. ಗುಂಬೋರೊ ಬಗ್ಗೆ ಯಾವ ಚಾನೆಲ್‌ನವರೂ ಬ್ರೇಕಿಂಗ್ ನ್ಯೂಸ್ ಹಾಕಲಿಲ್ಲ.

ಮಾಗಡಿ ಶೆಡ್:

ಸಾರ್, ಕೊನೇ ಎರಡು ಪ್ರಶ್ನೆ. ಉಳಿದ ಕೋಳಿ ಮುಂದಿನ ವಾರ ಲಿಫ್ಟಿಂಗ್, ಅಂದರೆ ಕಂಪನಿ ಗಾಡಿ ಬಂದು ಮಾರಾಟಕ್ಕೆ ಒಯ್ಯುತ್ತೆ. ತಿನ್ನುವವರಿಗೆ ಏನೂ ಆಗಲ್ಲ ಅಲ್ವಾ? ಇನ್ನೊಂದು, ಔಷಧಿ ಅಂಗಡಿಯವರು ಒಂದು ಆ್ಯಂಟಿಬಯೋಟಿಕ್ ಕೊಟ್ಟು ವೈರಸ್‌ಗೂ ಆಗುತ್ತೆ ಅಂದರು. ಹಾಕಲಾ? ಸೋಮವಾರ ಸೂಪರ್‌ವೈಸರ್ ಬರ್ತಾರೆ. ತಾಯಿ ಹಿಂಡಿನ ವಿಷಯ ಕೇಳೇ ಬಿಡ್ತೀನಿ.

ಹಳೇ ಪಶುವೈದ್ಯ:

ಗುಂಬೋರೊ, ಅನೀಮಿಯಾ, ಐಬಿ ಮೂರೂ ಮನುಷ್ಯರಿಗೆ ಬರುವುದಿಲ್ಲ. ಚೆನ್ನಾಗಿ ಬೇಯಿಸಿ ತಿನ್ನಬಹುದು. ಇನ್ನೂ ಮಂಕಾಗಿ ಕೂತಿರುವುದನ್ನು ಮಾತ್ರ ಬೇರೆ ಮಾಡಿ, ಗಾಡಿಗೆ ಹತ್ತಿಸಬೇಡಿ.

ಆ್ಯಂಟಿಬಯೋಟಿಕ್ ಯಾವ ವೈರಸ್‌ಗೂ ಆಗುವುದಿಲ್ಲ. ಅಂಗಡಿಯವನಿಗೆ ಮಾತ್ರ ಆಗುತ್ತೆ. ಹಿಂದೆಯೇ ಇ-ಕೋಲಿ ಬಂದಿದ್ದರೆ ಕೊಡಬೇಕಾಗಬಹುದು, ಅದೂ ಡಾಕ್ಟರ್ ನೋಡಿ ಬರೆದ ಮೇಲೆ. ಲಿಫ್ಟಿಂಗ್‌ಗೆ ವಾರ ಇರುವಾಗಂತೂ ಬೇಡವೇ ಬೇಡ, ಮಾಂಸದಲ್ಲಿ ಉಳಿಯುತ್ತೆ. ಬಾಟಲಿ ಮೇಲೆ ಕೊಲಿಸ್ಟಿನ್ ಅಂತ ಇದೆಯಾ ನೋಡಿ. ಇದ್ದರೆ ವಾಪಸ್ ಕೊಡಿ. ಕೋಳಿಗೆ ಅದನ್ನು ಹಾಕುವುದು 2019ರಿಂದ ನಿಷೇಧ.

ಸೋಮವಾರ ಮೂರು ವಿಷಯ ಕೇಳಿ. ಮರಿ ಎಷ್ಟು ತಾಯಿ ಹಿಂಡಿನದ್ದು, ಆ ತಾಯಿ ಹಿಂಡಿಗೆ ಗುಂಬೋರೊ ಮತ್ತು ಅನೀಮಿಯಾ ಲಸಿಕೆ ಯಾವಾಗ ಆಗಿದೆ, ಒಂದು ದಿನದ ಮರಿಯ ಎಲೈಸಾ ಮಾಡಿಸಿದ್ದಾರಾ. ಲಸಿಕೆ ಸೀಸೆಯ ಬ್ಯಾಚ್ ನಂಬರ್ ನಿಮ್ಮ ಶೆಡ್ ಪುಸ್ತಕದಲ್ಲಿ ಬರೆದಿದ್ದೀರಾ? ಬರೆದಿಲ್ಲ ಅಂದರೆ ಖಾಲಿ ಸೀಸೆ ಕಸದ ಗುಂಡಿಯಲ್ಲಿ ಇನ್ನೂ ಇರಬಹುದು, ಹುಡುಕಿ.

ಹೊಸಪೇಟೆ ಲೇಯರ್:

ಉತ್ತರ ಬರೆದು ಕೊಡಿ ಅಂತ ಕೇಳಿ ಅಣ್ಣ, ಇಲ್ಲ ವಾಟ್ಸಾಪ್‌ನಲ್ಲಾದರೂ ಹಾಕಿಸಿಕೊಳ್ಳಿ. ಬಾಯಿಮಾತು ಲಿಫ್ಟಿಂಗ್ ಗಾಡಿ ಜೊತೆಗೇ ಹೊರಟು ಹೋಗುತ್ತೆ.

ಮಾಗಡಿ ಶೆಡ್:

ಸೀಸೆ ಸಿಕ್ಕಿತು. ಲೇಬಲ್ ಅರ್ಧ ಹರಿದಿದೆ, ನಂಬರ್ ಓದಬಹುದು. ಸೋಮವಾರ ಏನಾಯ್ತು ಅಂತ ಇಲ್ಲೇ ಬರೀತೀನಿ.